ಸದ್ದಿಲ್ಲದ ಸ್ಕೂಟರು, ನಿದ್ದೆಯಿಲ್ಲದ ಮೆಕ್ಯಾನಿಕ್

ಪೆಟ್ರೋಲು ಬೇಡದ ಸ್ಕೂಟರುಗಳು ನವಿ ಮುಂಬಯಿಯ ಕೋಪರಖೈರಣೆಗೆ ಬಂದಾಗಿನಿಂದ ನನ್ನ ಗ್ಯಾರೇಜಿನಲ್ಲಿ ಒಂದಲ್ಲ ಒಂದು ಎಡವಟ್ಟು ತಪ್ಪಿದ್ದಲ್ಲ. ನೋಡಿದವರಿಗೆ ನಗು, ನನಗೆ ಹೊಟ್ಟೆಪಾಡಿನ ಚಿಂತೆ. ವಿಜಯಪುರದಿಂದ ಬಂದು ಇಪ್ಪತ್ತೈದು ವರ್ಷ ಕಾರ್ಬುರೇಟರ್ ತೊಳೆದೇ ಸಂಸಾರ ನಡೆಸಿದವನು ನಾನು. ಹೊಸ ಗಾಡಿಯಲ್ಲಿ ಕಾರ್ಬುರೇಟರೂ ಇಲ್ಲ, ಪ್ಲಗ್ಗೂ ಇಲ್ಲ. ಇನ್ನು ನನ್ನ ಬಾಗಿಲಿಗೆ ಯಾರು ಬರಬೇಕು?

೧. ನಾಡಿ ಪರೀಕ್ಷೆ

ಮೊದಲ ಎಲೆಕ್ಟ್ರಿಕ್ ಗಾಡಿ ತಂದವರು ಪಕ್ಕದ ಸೆಕ್ಟರಿನ ಮರಾಠಿ ಟೀಚರು. ಬ್ರೇಕು ಕಿರುಗುಡುತ್ತದಂತೆ. ಚಾಲೂ ಮಾಡಿ ಎಂದೆ. ಗುಂಡಿ ಒತ್ತಿದರು. ಸದ್ದೇ ಇಲ್ಲ. ನಾನು ಹಳೇ ಅಭ್ಯಾಸದಂತೆ ಸ್ಕ್ರೂಡ್ರೈವರಿನ ತುದಿಯನ್ನು ಗಾಡಿಗೆ ಒತ್ತಿ, ಹಿಡಿಕೆಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ಕೇಳಿದೆ. ಏನೂ ಇಲ್ಲ.

"ಮೇಡಂ, ಏ ತೋ ಬಂದ್ ಹೈ."

"ದಾದಾ, ಚಾಲೂಚ್ ಆಹೆ!"

ಚಾಲೂ ಇದೆ ಎಂದರೂ ನಂಬಿಕೆ ಬರಲಿಲ್ಲ. ಎಕ್ಸಿಲರೇಟರ್ ತಿರುಗಿಸಿಯೇ ಬಿಟ್ಟೆ. ಗಾಡಿ ನನ್ನನ್ನೂ ಎಳೆದುಕೊಂಡು ಎದುರಿನ ಎಳನೀರಿನ ರಾಶಿಗೆ ನುಗ್ಗಿತು. ಕಾಯಿಗಳ ನಡುವಿನಿಂದ ಎದ್ದು ಮೈ ಕೊಡವಿಕೊಂಡು ಹೇಳಿದೆ: "ಬ್ರೇಕ್ ಸಚ್ಚೀ ಖರಾಬ್ ಹೈ, ಮೇಡಂ."

೨. ಕಂಪನಿಯವರ ಮರೆವು

ಧಾರವಾಡ ಕಡೆಯ ಕಾಕಾ ಒಬ್ಬರಿದ್ದಾರೆ, ನಿವೃತ್ತ ಗುಮಾಸ್ತರು. ಮೂರು ತಿಂಗಳಿಗೊಮ್ಮೆ ತಪ್ಪದೆ ಸ್ಕೂಟರಿನ ಆಯಿಲ್ ಬದಲಿಸಿಕೊಂಡು ಹೋಗುವವರು. ಅವರೂ ಎಲೆಕ್ಟ್ರಿಕ್ ಕೊಂಡರು. ಒಬ್ಬ ಕಾಯಂ ಗಿರಾಕಿ ಕೈಬಿಟ್ಟಂತೆಯೇ ಎಂದುಕೊಂಡೆ. ಆದರೆ ಮೂರು ತಿಂಗಳಾಗುತ್ತಲೇ ಹಾಜರು.

"ಆಯಿಲ್ ಬದಲ್ ಮಾಡು."

"ಕಾಕಾ, ಈ ಗಾಡಿಗೆ ಆಯಿಲ್ ಇರೂದಿಲ್ಲರಿ. ಸುರುವಾಕ ತೂತs ಇಲ್ಲ, ನೋಡ್ರಿ."

ಕಾಕಾ ಬಗ್ಗಿ ಸುತ್ತಲೂ ನೋಡಿದರು. ಮುಖ ಬಿಳಚಿಕೊಂಡಿತು. "ಅಯ್ಯಯ್ಯ, ಕಂಪನ್ಯಾವ್ರು ತೂತು ಇಡೂದು ಮರ್ತಾರಲ್ಲೋ!"

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. "ಎಲ್ಲಾ ಗಾಡೀನೂ ಹಂಗs ಆದ್ರ ನಿಮ್ಮ ಗ್ಯಾರೇಜ್ ಗತಿ ಏನ್ರಿ?" ಎಂದಳು. ನಾನು ತಟ್ಟೆ ಸರಿಸಿ ಎದ್ದೆ.

೩. ವಾಲಿಸುವ ವಿದ್ಯೆ

ಒಂದು ದಿನ ಕಾಕಾ ಫೋನು ಮಾಡಿದರು: "ವಾಶಿ ಸ್ಟೇಶನ್ ಹತ್ರ ಗಾಡಿ ನಿಂತದ, ಲಗೂನ ಬಾ!" ಓಡಿದೆ. ಹೋಗಿ ನೋಡಿದರೆ ನನ್ನ ಕೈಯಲ್ಲಿ ಪೆಟ್ರೋಲ್ ಬಾಟಲಿ! ಕಾಕಾ ಬಾಟಲಿ ನೋಡಿದರು, ನಾನೂ ನೋಡಿದೆ. ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟೆ.

ಚಾರ್ಜು ಪೂರ್ತಿ ಇತ್ತು. ಆದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ. ಗಿರಾಕಿಯ ಮುಂದೆ ಕೈಕಟ್ಟಿ ನಿಲ್ಲುವ ಗತಿ ಬಂತಲ್ಲ! ಬೇರೇನೂ ತೋಚದೆ, ಹಳೇ ಸ್ಕೂಟರಿನಲ್ಲಿ ಪೆಟ್ರೋಲು ಇಳಿಯಲೆಂದು ಮಾಡುವಂತೆ ಸೈಡ್ ಸ್ಟ್ಯಾಂಡ್ ಎತ್ತಿ, ಗಾಡಿಯನ್ನು ಹೊಟ್ಟೆಗಾನಿಸಿ ವಾಲಿಸಿದೆ, ನೆಟ್ಟಗೆ ನಿಲ್ಲಿಸಿದೆ. ಕಾಕಾ ಹಿಡಿಕೆ ತಿರುಗಿಸಿದರು. ಗಾಡಿ ಸುಂಯ್ಯನೆ ಹೊರಟಿತು!

ಸ್ಟ್ಯಾಂಡ್ ಇಳಿಸಿದ್ದರೆ ಈ ಗಾಡಿ ಓಡುವುದಿಲ್ಲ ಎಂದು ಸಂಜೆ ಟೀಚರು ತಿಳಿಸಿದರು. ಅದನ್ನೇ ಕಾಕಾಗೆ ಹೇಳಿದೆ. "ಸ್ಟ್ಯಾಂಡಿನ ನೆಪಾ ಹೇಳಿ ವಾಲಿಸೂ ವಿದ್ಯಾ ಮುಚ್ಚಿಡಬ್ಯಾಡೋ" ಎಂದು ಗದರಿದರು.

ಮರುದಿನ ಶಟರ್ ಎತ್ತಲು ಹೋದರೆ ಕಾಕಾ, ಅವರ ಹಿಂದೆ ನಾಲ್ಕು ಮಂದಿ ಹಿರಿಯರು, ಎಲ್ಲರದೂ ಎಲೆಕ್ಟ್ರಿಕ್ ಗಾಡಿ.

"ಏನ್ ಕೆಟ್ಟದರಿ?"

"ಏನೂ ಕೆಟ್ಟಿಲ್ಲ. ಕೆಡೂಕಿಂತ ಮೊದ್ಲs ಒಮ್ಮೆ ವಾಲಿಸಿ ಕೊಡು. ಆಮ್ಯಾಲೆ ಎಷ್ಟ್ ತಿಂಗಳಿಗೊಮ್ಮೆ ತರಬೇಕು?"

ನಿಜ ಹೇಳಲು ಬಾಯಿ ತೆರೆದೆ. ಹೆಂಡತಿಯ ಮುಖ ನೆನಪಾಯಿತು.

"ಮೂರು, ಕಾಕಾ."