ವಾಲ್ವಿಗೆ ಹಾಕಿದ ಡಬಲ್ ಹೊಲಿಗೆ

ಪೈಪು ಸೋರುವುದು ಮತ್ತು ಪ್ಯಾಂಟು ಹರಿಯುವುದು ಮೂಲತಃ ಒಂದೇ ರೋಗ ಎಂದು ನಾನು ಬಹಳ ಕಾಲ ನಂಬಿದ್ದೆ. ಎರಡಕ್ಕೂ ಮದ್ದು ತೇಪೆ. ರಾಯದುರ್ಗದಿಂದ ಕತ್ತರಿಸಿದ ಜೀನ್ಸ್ ಬಟ್ಟೆಯ ತುಂಡುಗಳನ್ನು ತಂದು ಹಳ್ಳಿಯ ಮನೆಯಲ್ಲೇ ಹೊಲಿದುಕೊಡುವ ನನಗೆ ತೇಪೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹೀಗಿರುವಾಗ ಊರಿನವರು ನನ್ನನ್ನು ನೀರಿನ ಸಮಿತಿಯ ಅಧ್ಯಕ್ಷನನ್ನಾಗಿ ಆರಿಸಿದರು. ನನ್ನ ಯೋಗ್ಯತೆ ನೋಡಿಯೇ ಆರಿಸಿದರು ಎಂದು ಉಬ್ಬಿದೆ. ಮಿಕ್ಕವರೆಲ್ಲ ಹೊಲಕ್ಕೆ, ಕುರಿಗೆ ಹೋಗುತ್ತಾರೆ, ಇವನೊಬ್ಬ ಯಾವಾಗ ಹೋದರೂ ಮಿಷನ್ ಮುಂದೆ ಸಿಗುತ್ತಾನೆ ಎಂಬುದೇ ಯೋಗ್ಯತೆ ಎಂದು ಹೆಂಡತಿ ಈರಮ್ಮ ಆಮೇಲೆ ತಿಳಿಸಿದಳು.

ಸರ್ಕಾರ ಪೈಪು ಹಾಕಿಕೊಡಬಹುದು, ಅದು ಮೊಮ್ಮಕ್ಕಳ ಕಾಲದವರೆಗೆ ಬಾಳುವುದು ಮಾತ್ರ ನಿಮ್ಮ ಕೈಯಲ್ಲಿದೆ ಎಂದು ಸಭೆಗೆ ಬಂದಿದ್ದ ಅಧಿಕಾರಿ ಹೇಳಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿ ಮರೆತರು. ನಾನು ಮರೆಯಲಿಲ್ಲ. ಅಲ್ಲೇ ಎಡವಟ್ಟಾಯಿತು!

ಮರೆಯದಿರಲು ನನಗೆ ಸ್ವಂತದ ಕಾರಣವೂ ಇತ್ತು. ಮಗಳು ಶಾಂತಾ ಏಳು ತಿಂಗಳ ಬಸುರಿ, ನಮ್ಮ ಮನೆಗೆ ಬಂದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಈರಮ್ಮ ಮೆತ್ತನೆಯ ಹಳೇ ಸೀರೆಗಳನ್ನು ಒಗೆದು ಮಡಿಸಿಟ್ಟು ಕಾಯುತ್ತಿದ್ದಳು. ಆದರೆ ಬೆಳುಗುಪ್ಪದ ಬೀಗಿತ್ತಿ, ಅಂದರೆ ಶಾಂತಾಳ ಅತ್ತೆ, ಫೋನಿನಲ್ಲೇ ಕೊಕ್ಕೆ ಹಾಕಿದರು.

"ನಿಮ್ಮೂರಾಗ ನೀರು ದಿನ ಬಿಟ್ಟು ದಿನ ಬರ್ತಾವಂತಲ್ರಿ. ಬಾಣಂತಿಗೆ, ಕೂಸಿಗೆ ಹಂಡೆಗಟ್ಲೆ ನೀರು ಬೇಕು. ಕುಬುಸಕ್ಕ ಬಂದಾಗ ಕಣ್ಣಾರೆ ನೋಡ್ತೀನಿ. ಸರಿ ಅನಸ್ಲಿಲ್ಲ ಅಂದ್ರ ಸೊಸೀನ ಕರ್ಕೊಂಡು ಹೋಗಿಬಿಡ್ತೀನಿ."

ಕುಬುಸ ಎಂದರೆ ಬಸುರಿಗೆ ಹಸಿರು ಸೀರೆ, ಹಸಿರು ಕುಬುಸ ತೊಡಿಸಿ ಆರತಿ ಎತ್ತುವ ಶಾಸ್ತ್ರ. ಕುಬುಸವನ್ನೇನೋ ನಾನು ಚೆನ್ನಾಗಿಯೇ ಹೊಲಿದಿದ್ದೆ. ನೀರನ್ನು ಹೊಲಿಯುವುದು ಹೇಗೆ? ಫೋನ್ ಬಂದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಎಲ್ಲಾದರೂ ಖಾಲಿ ಕೊಡದ ಸದ್ದು ಕೇಳಿದರೆ ಹೊಲಿಗೆ ಸೊಟ್ಟಗಾಗುತ್ತಿತ್ತು.

ನಮ್ಮ ಮನೆ ಪಕ್ಕದಲ್ಲೇ ಊರಿನ ಟ್ಯಾಂಕು. ಅದರ ಬುಡದ ವಾಲ್ವು ನಾನು ಕಂಡಾಗಿನಿಂದ ಸೋರುತ್ತಿದೆ. ಕೆಳಗೊಂದು ತಗ್ಗು, ತಗ್ಗಿನ ತುಂಬ ನೀರು. ಬೀಗಿತ್ತಿಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂದು ನನಗೆ ಖಾತ್ರಿಯಾಯಿತು. ಕುಬುಸದ ಹಿಂದಿನ ದಿನ ಕತ್ತರಿ, ನೈಲಾನ್ ದಾರ, ಜೀನ್ಸ್ ತುಂಡು ಹಿಡಿದು ಹೊರಟೆ.

"ಅದು ಬಟ್ಟಿ ಅಲ್ರಿ," ಎಂದಳು ಈರಮ್ಮ. "ಕುಬುಸ ಮುಗೀಲಿ, ಮೆಕ್ಯಾನಿಕ್ ಕರಸ್ರಿ."

ನಾನು ಅಧ್ಯಕ್ಷರು ನಗುವ ಹಾಗೆ ನಕ್ಕೆ.

ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ, ಅದರ ಮೇಲೆ ಜೀನ್ಸು, ಅದರ ಮೇಲೆ ಬಿಗಿಯಾಗಿ ದಾರ ಸುತ್ತಿ, ಕೊನೆಗೆ ದಬ್ಬಣದಿಂದ ಡಬಲ್ ಹೊಲಿಗೆ! ಸೋರುವುದು ನಿಂತಿತು. ತಗ್ಗಿನಲ್ಲಿ ಉಳಿದಿದ್ದ ನೀರನ್ನು ಎತ್ತಿ ಚೆಲ್ಲಿ, ಮಣ್ಣು ತುಂಬಿ, ರಂಗೋಲಿಯನ್ನೂ ಹಾಕಿಸಿದೆ. ಆ ತೇಪೆಯ ಅಂದ ನೋಡಿ ನನಗೇ ಕಣ್ಣು ತುಂಬಿ ಬಂತು. ಅಷ್ಟು ಹೊತ್ತಿಗೆ ಈರಮ್ಮ ಅಡುಗೆಗೆಂದು ಚಪ್ಪರದ ಕೆಳಗೆ ಡ್ರಮ್ಮುಗಳನ್ನು ತುಂಬಿಸಿಟ್ಟಿದ್ದಳು.

ಸಂಜೆ ಹನುಮಂತಪ್ಪನ ಕುರಿಮಂದೆ ಅಡವಿಯಿಂದ ಮರಳಿತು. ದಿನವೂ ಮರಳುತ್ತದೆ. ದಿನವೂ ನೇರವಾಗಿ ಟ್ಯಾಂಕಿನ ಬುಡಕ್ಕೇ ಹೋಗುತ್ತದೆ ಎಂಬುದು ಮಾತ್ರ ಕಿಟಕಿಗೆ ಬೆನ್ನು ಹಾಕಿ ಹೊಲಿಯುವ ನನಗೆ ಗೊತ್ತಿರಲಿಲ್ಲ. ಕುರಿಗಳು ರಂಗೋಲಿಯನ್ನು ಮೂಸಿದವು. ತಲೆ ಎತ್ತಿ ಗಾಳಿಯಲ್ಲಿ ನೀರಿನ ವಾಸನೆ ಹಿಡಿದವು. ಆಮೇಲೆ ಒಟ್ಟಿಗೆ ನಮ್ಮ ಚಪ್ಪರಕ್ಕೆ ನುಗ್ಗಿದವು. ಡ್ರಮ್ಮುಗಳು ಒಂದೊಂದಾಗಿ ಉರುಳಿದವು.

ಓಡಿಬಂದ ಹನುಮಂತಪ್ಪ ನನ್ನ ತೇಪೆಯನ್ನು ನೋಡಿ ದಂಗಾದ. "ಆ ತಗ್ಗು ನಮ್ಮ ಕುರಿಗೋಳ ತೊಟ್ಟಿರಿ. ಊರು ಬೇಕಂತನೇ ಸೋರಾಕ ಬಿಟ್ಟಿತ್ತು. ಅದಕ್ಕ ಚಡ್ಡಿ ಯಾಕ ಹೊಲದ್ರಿ?"

ನನ್ನ ಕಣ್ಣು ಉರುಳಿದ ಡ್ರಮ್ಮುಗಳ ಮೇಲಿತ್ತು. ಮತ್ತೆ ನೀರು ಬಿಟ್ಟುಕೊಂಡು ಡ್ರಮ್ಮು ತುಂಬಿಸಿಬಿಡೋಣ ಎಂದು ವಾಲ್ವು ತಿರುಗಿಸಿದೆ. ತಿರುಗಲಿಲ್ಲ. ನನ್ನ ಡಬಲ್ ಹೊಲಿಗೆ ಅದರ ಹಿಡಿಯನ್ನೂ ಸೇರಿಸಿ ಬಿಗಿದಿತ್ತು! ದಾರ ಕತ್ತರಿಸಿದೆ, ಆಗಲೂ ತಿರುಗಲಿಲ್ಲ. ಗಾಬರಿಯಲ್ಲಿ ಸುತ್ತಿಗೆ ಎತ್ತಿದೆ. ಒಂದು ಏಟಿಗೆ ಹಿಡಿ ಕೈಗೆ ಬಂತು, ಎರಡನೆಯದಕ್ಕೆ ವಾಲ್ವಿನ ತಲೆಯೇ ಹಾರಿತು. ಊರಿನ ಟ್ಯಾಂಕಿನ ನೀರೆಲ್ಲ ನನ್ನ ಎದೆಗೆ ಹೊಡೆದು, ಬೀದಿ ತುಂಬಿ, ಹಳ್ಳದ ದಾರಿ ಹಿಡಿಯಿತು. ಕುರಿಗಳು ಮಾತ್ರ ಸಂತೃಪ್ತಿಯಿಂದ ಕುಡಿದವು.

ಟ್ಯಾಂಕು ತುಂಬಿಸುವ ಬೋರಿನ ಮೋಟರಿಗೆ ಕರೆಂಟು ಬರುವುದು ಮರುದಿನ ಮಧ್ಯಾಹ್ನ. ಬೀಗರು ಬರುವುದು ಬೆಳಗ್ಗೆ. ಈರಮ್ಮ ಬೈಯಲಿಲ್ಲ. ಮಡಿಸಿಟ್ಟ ಹಳೇ ಸೀರೆಗಳ ಗಂಟನ್ನು ಎತ್ತಿ ಒಳಗಿಟ್ಟಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಸೆರಗು ಬಿಗಿದು ಮನೆಮನೆಗೆ ಹೋದಳು.

ಬೆಳಗ್ಗೆ ಬೀದಿಯ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಉಳಿದಿದ್ದ ನೀರಿನಲ್ಲೇ ಒಂದೊಂದು ಕೊಡ ಹೊತ್ತು ತಂದರು. ಕೊಡ ಇಳಿಸುವಾಗ ಪ್ರತಿಯೊಬ್ಬರೂ ನನ್ನನ್ನು ಒಮ್ಮೆ ನೋಡಿದರು. ಹನುಮಂತಪ್ಪ ರಾತ್ರಿ ಕರೆಂಟಿನಲ್ಲಿ ತನ್ನ ತೋಟದ ಬೋರಿನಿಂದ ತುಂಬಿಸಿಟ್ಟ ಕ್ಯಾನನ್ನು ಬೈಕಿನ ಮೇಲೆ ತಂದ. ಸರಿಯಾಗಿ ಅದೇ ಹೊತ್ತಿಗೆ ಬೀಗಿತ್ತಿಯ ಆಟೋ ಬಂದು ನಿಂತಿತು.

ಅವರು ಕೊಡಗಳ ಸಾಲು ನೋಡಿದರು, ತಲೆಯಿಲ್ಲದ ವಾಲ್ವು ನೋಡಿದರು, ಏನಾಯಿತೆಂದು ಕೇಳಿದರು. ಘನತೆಯುಳ್ಳ ಉತ್ತರವೊಂದನ್ನು ನಾನು ಜೋಡಿಸುತ್ತಿರುವಾಗಲೇ ಹನುಮಂತಪ್ಪ ರಂಗೋಲಿಯಿಂದ ಸುತ್ತಿಗೆಯವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ. ಬೀಗಿತ್ತಿ ನಗಲಿಲ್ಲ. ಈರಮ್ಮ ಮಗಳ ಕೈ ಹಿಡಿದುಕೊಂಡಳು.

"ತಾವು ಕುಡಿಯೋ ನೀರು ತಂದು ಕೊಡೋ ಊರಾಗ ಬಾಣಂತನಕ್ಕೇನೂ ಕೊರತಿ ಆಗಂಗಿಲ್ಲ," ಎಂದರು ಬೀಗಿತ್ತಿ. "ಸೊಸಿ ಇಲ್ಲೇ ಇರಲಿ. ಕುರಿಗೆ ಬ್ಯಾರೆ ತೊಟ್ಟಿ ಕಟ್ಟಿಸ್ರಿ. ನೀರಿನ ಉಸ್ತುವಾರಿ ಈರಮ್ಮ ನೋಡ್ಲಿ. ಈ ನಮ್ಮ ಬೀಗರು ಮಾತ್ರ ಇನ್ನ ಮ್ಯಾಲೆ ಟ್ಯಾಂಕಿನ ಹತ್ರ ಸುಳೀಬಾರದು. ಒಪ್ಪಿದೋರು ಕೈ ಎತ್ರಿ."

ನಮ್ಮ ಸಮಿತಿಯಲ್ಲಿ ಅದುವರೆಗೆ ಒಂದು ನಿರ್ಣಯವೂ ಒಮ್ಮತದಿಂದ ಪಾಸಾಗಿರಲಿಲ್ಲ. ಅಂದು ಬೀದಿಗೆ ಬೀದಿಯೇ ಕೈ ಎತ್ತಿತು. ಹನುಮಂತಪ್ಪ ಎರಡೂ ಕೈ ಎತ್ತಿದ. ಮಗಳು ಹಸಿರು ಬಳೆಯ ಕೈ ಎತ್ತಿದಳು. ಕಣ್ಣೊರೆಸಿಕೊಳ್ಳುತ್ತಿದ್ದ ಈರಮ್ಮ ಇನ್ನೊಂದು ಕೈ ಎತ್ತಿದಳು. ಕೆಳಗೆ ಉಳಿದದ್ದು ಅಧ್ಯಕ್ಷರ ಕೈ ಒಂದೇ. ಸಭಾ ಮರ್ಯಾದೆಯೆಂದು ನಾನೂ ಎತ್ತಿದೆ.