ಚಿಗವ್ವನ ಮೆಣಸಿನಕಾಯಿ ಸುವಾರ್ತೆ

ನನ್ನ ಚಿಗವ್ವನಿಂದಾಗಿ ನಾನು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಮೂರೂ ಊರುಗಳಲ್ಲಿ ತಲೆ ತಗ್ಗಿಸಿ ಓಡಾಡಿದ್ದೇನೆ. ಸಾಲದ್ದಕ್ಕೆ ಈಗ ಆಫ್ರಿಕಾ ಖಂಡವೂ ಸೇರಿಕೊಂಡಿದೆ. ಅವಳು ನನ್ನ ಅವ್ವನ ಖಾಸಾ ತಂಗಿ. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ ನನಗೆ ಉಳಿದ ಹಿರಿಯಳು ಇವಳೊಬ್ಬಳೇ. ಹಿರಿಯಳು ಅನ್ನುವುದು ಬರೀ ವಯಸ್ಸಿನ ಮಾತು.

ಬ್ಯಾಡಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಕೀನ್ಯಾದಲ್ಲಿ ನಮ್ಮ ಕ್ರೈಸ್ತ ಸಭೆಯವರ ಹಾಸ್ಟೆಲ್ ಇದೆ. ಓದಲೆಂದು ಮನೆ ಬಿಟ್ಟು ಬಂದ ಕಾಲೇಜು ಹುಡುಗ ಹುಡುಗಿಯರನ್ನು ನೋಡಿಕೊಂಡು ಬೈಬಲ್ ಪಾಠ ಹೇಳಲು ಒಬ್ಬ ಹಿರಿಯ ಮಿಷನರಿ ಬೇಕು ಎಂದು ಹಾವೇರಿಯ ನಮ್ಮ ಪಾಸ್ಟರ್ ಹೇಳಿದಾಗ, "ನಮ್ಮ ಚಿಗವ್ವ ಇದ್ದಾಳ್ರಿ" ಎಂದು ಶಿಫಾರಸು ಮಾಡಿದವನು ನಾನೇ. ಯಾಕೆ ಅಂದೆನೋ! ನಾಲಿಗೆಗೆ ಎಲುಬಿಲ್ಲ ನೋಡಿ.

ಮರ್ಯಾದೆ ವಿಮಾನ ನಿಲ್ದಾಣದಲ್ಲೇ ಹೋಗಲು ಶುರುವಾಯಿತು. ಒಂದು ಸೂಟ್‌ಕೇಸಿನಲ್ಲಿ ಸೀರೆ, ಬೈಬಲ್ಲು. ಇನ್ನೊಂದರ ತುಂಬ ಬ್ಯಾಡಗಿ ಮೆಣಸಿನಕಾಯಿ, ತೊಟ್ಟಿನ ಸಮೇತ. ತೆರೆಸಿ ನೋಡಿದ ಅಧಿಕಾರಿ ಸೀನತೊಡಗಿದ.

"ಖಾರ ಇಲ್ಲರಿ ಸಾಹೇಬ್ರ, ಬರೇ ಬಣ್ಣ. ಒಂದು ತಿಂದು ನೋಡ್ರಿ."

ನಾನು ಮೆಲ್ಲಗೆ ಆಚೆ ಸರಿದು, ಬೇರೆ ಯಾರ ಮನೆಯವನೋ ಎಂಬಂತೆ ಗಡಿಯಾರ ನೋಡುತ್ತ ನಿಂತೆ. ಬಿಟ್ಟಾಳೆಯೆ? "ಏ ತಮ್ಮಾ, ನೀನರ ಇವರಿಗೆ ಹೇಳೋ" ಎಂದು ಇಡೀ ಸಾಲು ನನ್ನತ್ತ ತಿರುಗುವಂತೆ ಕರೆದಳು. ಸೀನು ತಾಳಲಾರದೆ ಅವನು ಸೂಟ್‌ಕೇಸು ಮುಚ್ಚಿ ಬಿಟ್ಟುಕೊಟ್ಟ.

ತಿಂಗಳೊಳಗೆ ಸಭೆಯ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಪ್ರಾರ್ಥನೆಯ ಕೋಣೆಯಲ್ಲಿ ಕೆಂಪು ರಾಶಿ. ಸುತ್ತ ಕೂತ ಕೀನ್ಯಾದ ಮಕ್ಕಳು ತೊಟ್ಟು ಬಿಡಿಸುತ್ತಿದ್ದಾರೆ! ನಾಚಿಕೆಯಿಂದ ಆ ಭಾನುವಾರ ನಾನು ಹಿಂದಿನ ಬೆಂಚಿನಲ್ಲಿ ಕೂತೆ.

"ಪಾಠ ಯಾವಾಗ ಹೇಳ್ತೀಯವ್ವಾ?" ಎಂದು ಫೋನಿನಲ್ಲಿ ಕೇಳಿದೆ.

"ಹುಡುಗರು ತಮ್ಮದು ಹೇಳಿ ಮುಗಿಸಿದ ಮ್ಯಾಲೆ."

ಬ್ಯಾಡಗಿಯ ಪದ್ಧತಿ ನನಗೂ ಗೊತ್ತು. ಎದುರು ಕೂರಿಸಿಕೊಂಡು "ಏನಾಗೇತಿ ಹೇಳು" ಅಂದರೆ ನಮ್ಮವರು ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ. ಮುಂದೆ ಒಂದು ರಾಶಿ ಮೆಣಸಿನಕಾಯಿ ಸುರಿದು ನೋಡಿ. ಕಣ್ಣು ಕೈಮೇಲೆ, ಕೈ ತೊಟ್ಟಿನ ಮೇಲೆ. ಅತ್ತೆಯ ಕಾಟ, ಗಂಡನ ಕುಡಿತ, ಎಲ್ಲ ತಾನಾಗಿ ಹೊರಬರುತ್ತದೆ. ಅವ್ವ ಮತ್ತು ಚಿಗವ್ವ ಹೀಗೆ ಅಂಗಳದಲ್ಲಿ ಕೂತೇ ಅರ್ಧ ಓಣಿಯ ಜಗಳ ಬಗೆಹರಿಸಿದವರು. ಆದರೆ ಅದನ್ನು ಕೀನ್ಯಾದಲ್ಲಿ ಮಾಡುವುದೆ?

ಕೊನೆಗೆ ಆಗಬಾರದ್ದು ಆಯಿತು. ಅಲ್ಲಿಯ ಬಿಷಪ್ಪರು ತಪಾಸಣೆಗೆ ಬಂದು, ಅದೇ ಕೋಣೆಯಲ್ಲಿ ಪ್ರಾರ್ಥನೆಗೆ ಬಾಯಿ ತೆರೆದರು. ಆಮೆನ್ ತನಕ ಬರೀ ಸೀನು. ದೂರು ಸಮುದ್ರ ದಾಟಿ ಹಾವೇರಿಗೆ ಬಂತು.

"ಹುಡುಗರ ಕಡೆ ಕೂಲಿ ಮಾಡಸಾಕತ್ತಾರಂತರಿ," ಪಾಸ್ಟರ್ ಎಲ್ಲರ ಮುಂದೆಯೇ ಅಂದರು. "ವಾಪಸ್ ಬರ್ರಿ ಅಂತ ನೀವ ಹೇಳಿಬಿಡ್ರಿ."

ಕಳಿಸಿದವನು ನಾನೇ, ಕರೆಸಬೇಕಾದವನೂ ನಾನೇ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಫೋನ್ ಹಚ್ಚಿದೆ.

"ಚಿಗವ್ವಾ, ಒಂದು ಮಾತು ಹೇಳೂದಿತ್ತು."

"ಕೈಯಾಗ ಏನೈತಿ?"

"ಫೋನ್ ಐತಿ."

"ಬರಿಗೈಲೆ ಮಾತು ಬರೂದಿಲ್ಲಪಾ. ಫೋನ್ ಕೆಳಗಿಟ್ಟು ಏನರ ಹಿಡ್ಕೊ."

ಹೆಂಡತಿ ಸುಲಿಯಲೆಂದು ಇಟ್ಟಿದ್ದ ಬಳ್ಳೊಳ್ಳಿಯ ತಟ್ಟೆ ಎದುರಿಗಿತ್ತು. ಫೋನಿನ ಸ್ಪೀಕರ್ ಹಚ್ಚಿ ಪಕ್ಕಕ್ಕಿಟ್ಟು ಸುಲಿಯತೊಡಗಿದೆ. ಆ ಕಡೆಯಿಂದ ತೊಟ್ಟು ಮುರಿಯುವ ಚಟಚಟ ಕೇಳುತ್ತಿತ್ತು. ವಾಪಸ್ ಬಾ ಅನ್ನಲು ಹೋದ ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ಅವ್ವ ಹೋದಾಗಿಂದ ನಾ ಒಮ್ಮಿನೂ ಅತ್ತಿಲ್ಲ, ಚಿಗವ್ವಾ."

"ಗೊತ್ತೈತಿ. ನೀ ಸುಲಿ. ನಾ ಇಲ್ಲೇ ಕುಂತೇನಿ."

ತಟ್ಟೆ ಖಾಲಿಯಾಗುವವರೆಗೂ ಅವಳು ಕೂತಿದ್ದಳು. ಇಂಥವಳಿಗಾಗಿ ನಾಚಿಕೊಂಡೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಸಂಜೆ ಪಾಸ್ಟರ್ ಫೋನ್ ಮಾಡಿದರು. "ಹೇಳಿದಿರೇನ್ರಿ? ಏನಂದ್ರು?"

"ಮೆಣಸಿನಕಾಯಿ ಮುಗಿಯಾಕ ಬಂದಾವಂತ್ರಿ," ಅಂದೆ. "ಇನ್ನೊಂದು ಚೀಲ ಕಳಸೂಣು."