ಗಡ್ಡಿಗೆ ಬಂದ ಬೊಂಬಾಯಿ ಮನಿ

ಗಂಗಾವತಿ ತಹಸೀಲ ಕಚೇರಿಯಲ್ಲಿ ದಫೇದಾರನಾಗಿದ್ದು ನೌಕರಿ ಮುಗಿಸಿ ಬಂದ ಓಬಳೆಪ್ಪನಿಗೆ ಜೀವನದಲ್ಲಿ ಒಂದೇ ಒಂದು ದುಃಖವಿತ್ತು. ಆದರೆ ಆ ದುಃಖಕ್ಕೆ ಎರಡು ಬಾಯಿ. ಒಂದು ಬಾಯಿ ತಾಯಿ ಪಕ್ಕೀರವ್ವನದು, ಇನ್ನೊಂದು ಹೆಂಡತಿ ಹುಲಗೆಮ್ಮನದು. ಎರಡೂ ಬಾಯಿ ಮೂವತ್ತು ವರ್ಷದಿಂದ ಒಂದೇ ಒಲೆಯ ಮುಂದೆ ಎದುರಾಬದುರು ಕೂತಿದ್ದವು. ಒಬ್ಬರು ಪಲ್ಯಕ್ಕೆ ಉಪ್ಪು ಹಾಕಿ ಆಚೆ ಹೋದರೆ ಇನ್ನೊಬ್ಬರು ಬಂದು, ಏನೂ ಅರಿಯದವರಂತೆ, ಮತ್ತೊಮ್ಮೆ ಹಾಕುವರು. ಉಣ್ಣುವವನು ಓಬಳೆಪ್ಪ. ನೌಕರಿಯಲ್ಲಿದ್ದಷ್ಟು ದಿನ ಮಧ್ಯಾಹ್ನದ ಊಟವಾದರೂ ತಪ್ಪುತ್ತಿತ್ತು. ಈಗ ಮೂರು ಹೊತ್ತೂ ಮನೆಯಲ್ಲೇ.

ಅವನ ಊರು ಗಂಗಾವತಿಯಿಂದ ಎರಡು ಹರದಾರಿ, ತುಂಗಭದ್ರೆಯ ದಂಡೆಗೆ. ಹುಲಗೆಮ್ಮನ ತಂದೆಗೆ ಗಂಡುಮಕ್ಕಳಿರಲಿಲ್ಲ. ಆತ ತೀರಿಕೊಂಡಾಗ ಹೊಳೆಯ ನಡುವಿನ ಸಣ್ಣ ಗಡ್ಡಿಯೊಂದು ಅವಳ ಪಾಲಿಗೆ ಬಂತು. ಸುತ್ತ ನೀರು, ನಡುವೆ ಎತ್ತರದ ಬಂಡೆ, ಬಂಡೆಯ ಮಗ್ಗುಲಿಗೆ ಬಾಳೆತೋಟ. ತೋಟ ಹುಲಗೆಮ್ಮನದಾದರೂ ಹಣ್ಣು ಮಂಗಗಳದ್ದು.

“ಗಡ್ಡಿ ಮ್ಯಾಲ ಒಂದು ಮನಿ ಕಟ್ರಿ,” ಎಂದಳು ಹುಲಗೆಮ್ಮ ಒಂದು ದಿನ, ಅತ್ತೆ ಗುಡಿಗೆ ಹೋದ ಸಮಯ ನೋಡಿ. “ಹೆಣ್ಣುಮಕ್ಕಳನ್ನ ಕೊಟ್ಟು ಮುಗೀತು. ನಾವಿಬ್ರೂ ಅಲ್ಲಿರೂಣು. ಮಂಗ್ಯಾನೂ ಕಾಯತೀನಿ, ನನ್ನ ಒಲಿ ನಾ ಹಚ್ಚತೀನಿ. ಈ ಜನ್ಮದಾಗ ಒಮ್ಮಿಯಾದ್ರೂ ನಾ ಹಾಕಿದ ಉಪ್ಪು ನಾ ಹಾಕಿದಷ್ಟೇ ಇರಬೇಕ್ರಿ.”

ಕೊನೆಯ ಮಾತು ಓಬಳೆಪ್ಪನ ಹೊಟ್ಟೆಗೆ ನೇರವಾಗಿ ಮುಟ್ಟಿತು.

ಬೇರೆಯವರಾಗಿದ್ದರೆ ನಾಲ್ಕು ಬೊಂಬು, ಹತ್ತು ಹೊರೆ ಆಪು ಹುಲ್ಲು ತರಿಸಿ ಗುಡಿಸಲು ಹಾಕಿ ಮುಗಿಸುತ್ತಿದ್ದರು. ಆದರೆ ಓಬಳೆಪ್ಪ ಸರಕಾರಿ ಮನುಷ್ಯ. ಮೂರು ಕಡೆಯಿಂದ ಕಾಗದ ತರಿಸಿ ತಾಳೆ ನೋಡದೆ ಕಚೇರಿಗೆ ಒಂದು ಮಸಿಕುಡಿಕೆಯನ್ನೂ ಕೊಂಡವನಲ್ಲ. ಅದೇ ವಾರ ಗಂಗಾವತಿಯ ಟಪಾಲಿನ ಲಕ್ಷ್ಮಣಪ್ಪ ಇಂಗ್ಲೀಷ್ ಪೇಪರಿನಲ್ಲಿ ಒಂದು ಜಾಹೀರಾತು ತೋರಿಸಿದ್ದ. ಪೆಟ್ಟಿಗೆಯಲ್ಲಿ ಪೂರಾ ಮನೆ! ಗೋಡೆ, ಬಾಗಿಲು, ಚಾವಣಿ ಎಲ್ಲ ಕಾರಖಾನೆಯಲ್ಲೇ ತಯಾರು. ಪ್ರತಿ ತುಂಡಿಗೂ ನಂಬರು. ಒಯ್ದು ಬೋಲ್ಟು ಬಿಗಿದರೆ ಎರಡು ದಿನದಲ್ಲಿ ಗೃಹಪ್ರವೇಶ. ಓಬಳೆಪ್ಪ ಅವತ್ತೇ ಬೊಂಬಾಯಿಗೊಂದು, ಮದರಾಸಿಗೊಂದು ಪತ್ರ ಬರೆಸಿದ. ಮೂರನೆಯದು ಬೇಕಲ್ಲ ಎಂದು ಹೊಳೆಯಾಚೆ ಹೊಸಪೇಟೆಯ ಕಟ್ಟಿಗೆ ಅಡ್ಡೆಯ ಮುದಿಯಪ್ಪನಿಗೂ ಹೇಳಿ ಕಳಿಸಿದ. (ಮೂರನೆಯವನು ಲೆಕ್ಕಕ್ಕೆ ಮಾತ್ರ. ಕಚೇರಿಯಲ್ಲಿ ಹಾಗೇ.)

ಬೊಂಬಾಯಿಯಿಂದ ಬಂದ ಕ್ಯಾಟಲಾಗು ಹೊಳೆಯುವ ಕಾಗದದ್ದು. ಅದರಲ್ಲಿ ನಂಬರ್ ಏಳರ ಮನೆ: ತಗಡಿನ ಗೋಡೆ, ತಗಡಿನ ಚಾವಣಿ, ಎರಡು ಕೋಣೆ, ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಟೊಪ್ಪಿಗೆ ಹಾಕಿಕೊಂಡ ಒಬ್ಬ ಸಾಹೇಬ. ಸಮುದ್ರದ ದ್ವೀಪಗಳಿಗೆಂದೇ ಮಾಡಿದ್ದು, ಹಳೆಯ ದಾಸ್ತಾನು, ಅರ್ಧ ಬೆಲೆ. ಮದರಾಸಿನದು ಸಾಗವಾನಿ ಮನೆ. ಎಂಟು ಕಂಬದ ಮೇಲೆ ಆಳೆತ್ತರಕ್ಕೆ ನಿಂತದ್ದು, ಹತ್ತಲು ಏಣಿ.

ಪಡಸಾಲೆಯಲ್ಲಿ ಎರಡನ್ನೂ ಹರವಿಕೊಂಡು ಓಬಳೆಪ್ಪ ಸಭೆ ಕರೆದ. ತಾಯಿಗೆ ಒಲೆಯ ವಿಚಾರ ಹೇಳಿರಲಿಲ್ಲ. ಮಂಗ ಕಾಯುವ ಮನೆ ಎಂದಷ್ಟೇ ಹೇಳಿದ್ದ.

“ಮಂಗ್ಯಾ ಕಾಯಾಕ ಬೊಂಬಾಯಿ ಮನಿ ಬೇಕೇನೋ ಓಬ್ಯಾ?” ಎಂದಳು ಪಕ್ಕೀರವ್ವ. “ದೇವರ ಗೂಡು ಎಲ್ಲೈತಿ ಇದರಾಗ?”

“ಗೂಡಿಲ್ಲವ್ವಾ. ಸ್ನಾನದ ಕ್ವಾಣಿ ಐತಿ. ಮಲಗೋ ಕ್ವಾಣಿಗೆ ಹತ್ತಿಗೊಂಡೇ ಐತಿ.”

“ಥೂ! ದೇವರು ಹೊರಗ, ಬಚ್ಚಲಾ ಒಳಗ!”

ಹುಲಗೆಮ್ಮ ಚಿತ್ರವನ್ನು ಅಕ್ಕಿ ಆರಿಸಿದ ಹಾಗೆ ನೋಡಿದಳು. “ಮದರಾಸಿಂದು ಹಲಗಿ ನೆಲಾ. ಒಳ್ಳು ಎಲ್ಲಿ ಹುಗೀಲಿ? ಖಾರ ಕುಟ್ಟಿದ್ರ ಒಳ್ಳಿನ ಕೂಡ ನಾನೂ ಕೆಳಗ ಇಳೀತೀನಿ. ಇನ್ನ ಈ ಬೊಂಬಾಯಿ ಪತ್ರಾಸ್ ಮನಿ. ನಮ್ಮ ಬಿಸಲಾಗ ರೊಟ್ಟಿ ಬಡದು ಗ್ವಾಡಿಗೆ ಹಚ್ಚಿದ್ರ ಸಾಕು, ಬೇಯತಾವು. ಹೊಗಿ ಎಲ್ಲಿಂದ ಹೊರಗ ಹೋಗತೈತಿ?”

“ಸಾಹೇಬ್ರ ಮನ್ಯಾಗ ಹೊಗಿ ಇರೂದಿಲ್ಲ.”

“ಹಂಗಾರ ಅವರು ಉಣ್ಣಂಗಿಲ್ಲೇನು?”

ಆ ಹೊತ್ತಿಗೆ ಹೊಸಪೇಟೆಯ ಮುದಿಯಪ್ಪ ತಾನೇ ಹೊಳೆ ದಾಟಿ ಬಂದ. ಕೈಯಲ್ಲಿ ಕ್ಯಾಟಲಾಗಿಲ್ಲ, ಗಂಟು ಹಾಕಿದ ಒಂದು ಅಳತೆ ಹಗ್ಗ. ಬಂದವನು ಓಬಳೆಪ್ಪನನ್ನು ಏನೂ ಕೇಳಲಿಲ್ಲ. “ತಂಗೀ, ಹೋದ ಸಲ ಮಹಾಪೂರ ಬಂದಾಗ ಗಡ್ಡಿಯ ಬಂಡಿಗಲ್ಲಿನ ಮ್ಯಾಲ ನೀರು ಎಲ್ಲೀ ಮಟ ಇತ್ತು? ಗಾಳಿ ಯಾವ ಕಡಿಂದ? ಒಲಿ ಮೂಡಲಕ್ಕ ಇಡತೀಯೋ ಪಡುವಲಕ್ಕೋ? ನಿಮ್ಮ ಅಂಬಿಗರ ಹರಗೋಲು ಎಷ್ಟು ಮೊಳ ಅಗಲ?” ಎಂದು ಹುಲಗೆಮ್ಮನನ್ನೇ ಕೇಳಿದ. ಕಟ್ಟಿಗೆಯನ್ನು ಹರಗೋಲಿಗೆ ತಕ್ಕ ಹಾಗೆ ಕೊಯ್ಯಿಸುತ್ತೇನೆ, ಗೋಡೆಗೆ ಗಡ್ಡಿಯ ಕಲ್ಲೇ ಸಾಕು ಎಂದ.

“ಇವರ ಕಡೇನ ಮಾಡಸ್ರಿ,” ಎಂದಳು ಹುಲಗೆಮ್ಮ ಅವನು ಹೋದ ಮೇಲೆ. “ಆ ಇಬ್ಬರು ಬರೇ ಹೇಳತಾರ. ಇವರು ಕೇಳತಾರ.”

“ಚಿತ್ರ ಎಲ್ಲೈತಿ ಇವನ ಹತ್ರ? ಚಿತ್ರ ಇಲ್ಲದ ಮನಿ ಹೆಂಗ ನಂಬೂದು? ಬೊಂಬಾಯಿಯವರೂ ಕೇಳ್ಯಾರ, ನೋಡಿಲ್ಲಿ!” ಎಂದು ಓಬಳೆಪ್ಪ ಪತ್ರ ತೆಗೆದ. ಕೇಳಿದ್ದರು ನಿಜ. ನಿಮ್ಮ ದ್ವೀಪಕ್ಕೆ ಹತ್ತಿರದ ಬಂದರು ಯಾವುದು, ಹಡಗು ನಿಲ್ಲುವಲ್ಲಿ ನೀರಿನ ಆಳವೆಷ್ಟು ಎಂದು. ಓಬಳೆಪ್ಪ ಲಕ್ಷ್ಮಣಪ್ಪನಿಂದ ಉತ್ತರ ಬರೆಸಿದ: ಬಂದರು ಗಿಣಿಗೇರಾ ಸ್ಟೇಷನ್, ಆಳ ಎದೆಮಟ್ಟ, ನಂಬರ್ ಏಳು ಕಳಿಸಿರಿ.

ನೌಕರಿ ಮುಗಿದಾಗ ಬಂದ ಇಡಿಗಂಟು ಬೊಂಬಾಯಿಗೆ ಹೋಯಿತು. ಹುಲಗೆಮ್ಮ ಮೂರು ದಿನ ಗಂಡನ ಮುಂದೆ ತಾಟು ಕುಕ್ಕಿ ಬಡಿಸಿದಳು. ನಾಲ್ಕನೆಯ ದಿನ, “ಯಾವ ಮನಿಯಾದ್ರೂ ಇರ್ಲಿ, ಬಾಗಿಲ ಒಂದು ಇದ್ರ ಸಾಕು,” ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಳೆಗಾಲ ಕಳೆದ ಮೇಲೆ ಮನೆ ಗಿಣಿಗೇರಾಕ್ಕೆ ಬಂತು. ಅಲ್ಲಿಂದ ಐದು ಚಕ್ಕಡಿಯಲ್ಲಿ ಹೊಳೆದಂಡೆಗೆ ಬಂತು. ಊರೆಲ್ಲ ನೋಡಲು ನೆರೆಯಿತು. ಅಂಬಿಗರ ಗ್ಯಾನಪ್ಪ ಒಮ್ಮೆ ತಗಡುಗಳನ್ನು ನೋಡಿದ, ಒಮ್ಮೆ ತನ್ನ ದುಂಡನೆಯ ಹರಗೋಲನ್ನು ನೋಡಿದ.

“ದಫೇದಾರ್ರ, ಈ ಪತ್ರಾಸ್ ನನ್ನ ಹರಗೋಲಿನ ಎರಡರಷ್ಟು ಐತಲ್ರಿ.”

“ಒಂದೊಂದ ಒಯ್ಯಪ್ಪಾ.”

“ಒಂದೊಂದ ಅಂದ್ರೂ ಅದು ಅರ್ಧಾ ಆಗೂದಿಲ್ಲಲ್ರಿ.”

ತಗಡನ್ನು ನಿಲ್ಲಿಸಿ ಹಿಡಿದುಕೊಂಡು ಹೋಗುವುದೆಂದು ಓಬಳೆಪ್ಪ ಹುಕುಂ ಮಾಡಿದ. ನಿಲ್ಲಿಸಿದ ತಗಡಿಗೆ ಗಾಳಿ ಹೊಡೆಯಿತು. ಹರಗೋಲು ಗಡ್ಡಿಯನ್ನು ಬಲಕ್ಕೆ ಬಿಟ್ಟು, ಓಬಳೆಪ್ಪನ “ಹಿಡಿ! ಹಿಡಿ!” ಎಂಬ ಕೂಗಿಗೆ ಮರ್ಯಾದೆ ಕೊಡದೆ, ನೇರವಾಗಿ ಆಚೆ ದಂಡೆಗೆ ಹೋಗಿ ಹತ್ತಿತು. ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ರೇಜರದು. ಹೀಗೆ ಓಬಳೆಪ್ಪನ ಅಡುಗೆಮನೆಯ ಒಂದು ಗೋಡೆ ಪರರಾಜ್ಯವನ್ನು ಪ್ರವೇಶಿಸಿತು. ಆಚೆಯ ಕಾವಲುಗಾರನಿಗೆ ಇದು ಮಾರಾಟದ ಮಾಲಲ್ಲ, ಮನೆಯ ಗೋಡೆ ಎಂದು ಒಪ್ಪಿಸಲು ಒಂದು ಗೊನೆ ಬಾಳೆಹಣ್ಣು ಹೋಯಿತು. ಆಮೇಲೆ ಹುಲಗೆಮ್ಮ ಹೇಳಿದಂತೆ ಎರಡು ಹರಗೋಲು ಜೋಡಿಸಿ ಕಟ್ಟಿ, ತಗಡು ಅಡ್ಡ ಮಲಗಿಸಿ ಒಯ್ದರು. ಒಂಬತ್ತು ದಿನ ಹಿಡಿಯಿತು.

ಇನ್ನು ಜೋಡಿಸುವುದು. ಅದರ ಪುಸ್ತಕ ಇಂಗ್ಲೀಷಿನಲ್ಲಿ. ಲಕ್ಷ್ಮಣಪ್ಪ ನಿಜಾಮರ ರಾಜ್ಯದ ಶುಕ್ರವಾರದ ಸೂಟಿಗೆ ಬಂದನೇನೋ ನಿಜ. ಆದರೆ ನೀರೆಂದರೆ ಅವನಿಗೆ ಜೀವಭಯ. ದಂಡೆಯ ಮೇಲೆ ನಿಂತೇ ಓದಿ ಹೇಳತೊಡಗಿದ.

“ಆರನೇ ಗ್ವಾಡಿಗೆ...” ಎಂದು ಅವನು ಕೂಗಿದ್ದು ಕೇಳಿಸಿತು. ಮುಂದಿನದನ್ನು ಗಾಳಿ ಒಯ್ದಿತು.

“ಆರನೇದಕ್ಕ ಏನು?” ಓಬಳೆಪ್ಪ ಗಡ್ಡಿಯಿಂದ ಕೂಗಿದ.

“...ಎಂಟಕ್ಕ ಹಚ್ಚಬ್ಯಾಡ್ರಿ!”

ಓಬಳೆಪ್ಪನಿಗೆ ‘ಎಂಟಕ್ಕ ಹಚ್ಚ’ ಎಂದಷ್ಟೇ ಕೇಳಿಸಿತು. ಹಚ್ಚಿದ. ಅದರ ಮೇಲೆ ಇಂಗ್ಲೀಷಿನ ಆರು ತಲೆಕೆಳಗಾದರೆ ಒಂಬತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಸಂಜೆಗೆ ಮನೆ ನಿಂತಿತು. ಕಿಟಕಿ ನೆಲಕ್ಕೆ ಹತ್ತಿಕೊಂಡಿತ್ತು, ಬಾಗಿಲು ಎದೆಯೆತ್ತರದಲ್ಲಿತ್ತು, ಅದರ ಚಿಲಕ ಹೊರಗಡೆ. ಒಂದು ಮಂಗ ಬಾಗಿಲಿನಿಂದ ಹೊಕ್ಕು ಕಿಟಕಿಯಿಂದ ಹೊರಬಿದ್ದು, ಯಾವುದೂ ಸರಿಯಿಲ್ಲವೆನ್ನುವ ಹಾಗೆ ಓಬಳೆಪ್ಪನ ಮುಖ ನೋಡಿ ಹೋಯಿತು.

ಮರುದಿನ ಹುಲಗೆಮ್ಮ ಸೆರಗು ಸಿಗಿಸಿ ಬಂದವಳೇ ಪುಸ್ತಕ, ನಂಬರು ಎಲ್ಲ ಬದಿಗಿಟ್ಟಳು. ಒಂದು ತಗಡಿನ ತೂತಿಗೆ ಇನ್ನೊಂದರ ತೂತು ಕೂಡುತ್ತದೋ ಇಲ್ಲವೋ ಎಂದು ಕಡ್ಡಿ ಹಾಕಿ ಹಾಕಿ ನೋಡಿದಳು. ಕೂಡಿದ್ದನ್ನು ಗ್ಯಾನಪ್ಪನಿಂದ ಬಿಗಿಸಿದಳು. ಅಡುಗೆಯ ಕೋಣೆಯಲ್ಲಿ ಮೇಲಿನ ಒಂದು ತುಂಡು ಕತ್ತರಿಸಿ ಹೊಗೆಗೆ ದಾರಿ ಮಾಡಿಸಿದಳು. ಚಾವಣಿಯ ಮೇಲೆ ಒಣಗಿದ ಬಾಳೆ ಎಲೆ ದಪ್ಪಗೆ ಹೊದಿಸಿದಳು. ಕೊನೆಗೆ ತಾನೇ ಹೊಳೆಯ ಮಣ್ಣು ತುಳಿದು ಒಲೆ ಹಾಕಿದಳು. ಒಲೆಯನ್ನು ಸಾರಿಸುವಾಗ ಅವಳು ಸಣ್ಣಗೆ ಏನೋ ಹಾಡಿಕೊಳ್ಳುತ್ತಿದ್ದಳು. ಮದುವೆಯಾದ ಮೇಲೆ ಅವಳು ಹಾಡಿದ್ದನ್ನು ಓಬಳೆಪ್ಪ ಕೇಳಿದ್ದು ಅದೇ ಮೊದಲು. ಅವನಿಗೆ ಬೊಂಬಾಯಿಯ ಆಯ್ಕೆ ಸರಿಯಾಗಿತ್ತೆಂದು ಮತ್ತೆ ಅನ್ನಿಸತೊಡಗಿತು.

ಗೃಹಪ್ರವೇಶದ ದಿನ ಪಕ್ಕೀರವ್ವ ಹರಗೋಲು ಹತ್ತಲು ಒಪ್ಪಲೇ ಇಲ್ಲ. ಎಪ್ಪತ್ತು ದಾಟಿದ ಜೀವ, ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದರೂ ಒಮ್ಮೆಯೂ ಹೊಳೆ ದಾಟಿದವಳಲ್ಲ. ಗ್ಯಾನಪ್ಪ “ಬಾರಬೇ ಯವ್ವಾ, ತೊಟ್ಟಿಲಿದ್ದಂಗ ಐತಿ,” ಎಂದು ಎತ್ತಿಕೊಂಡೇ ಕೂರಿಸಿದ. ಅವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಮಗನನ್ನೂ, ಮಗನ ಬೊಂಬಾಯಿಯನ್ನೂ ಬೈದಳು.

ಹಾಲು ಉಕ್ಕಿಸಿದ್ದಾಯಿತು. ಹೋಳಿಗೆ ಉಂಡದ್ದಾಯಿತು. ಪಕ್ಕೀರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು. ಕೆಳಗೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಬಾಳೆಯ ನಡುವಿನಿಂದ ತಣ್ಣಗೆ ಗಾಳಿ ಬರುತ್ತಿತ್ತು. ಅವಳು ಒಂದು ತಾಸು ಮಾತಾಡಲಿಲ್ಲ. ಇದು ಎಲ್ಲರಿಗೂ ಹೊಸದು. ಮೈಯಲ್ಲಿ ಸರಿಯಿಲ್ಲವೇನೋ ಎಂದು ಓಬಳೆಪ್ಪ ಹತ್ತಿರ ಹೋದ.

“ಯವ್ವಾ, ಹೊತ್ತಾತು. ಹೋಗೂಣೇನು?”

“ನೀವು ಹೋಗ್ರಿ. ನಾ ಬರಂಗಿಲ್ಲ.”

“ಅಂದ್ರ?”

“ಇಲ್ಲೇ ಇರತೀನಿ. ಹುಟ್ಟಿದಾಗಿಂದ ಯಾರರ ಒಬ್ಬರು ನನ್ನ ಕೂಗತಾನ ಅದಾರೋ ಓಬ್ಯಾ. ಅಪ್ಪ ಕೂಗಿದ, ನಿಮ್ಮಪ್ಪ ಕೂಗಿದ, ನೀನೂ ಕೂಗಿದಿ. ಇಲ್ಲಿ ಯಾರು ಕೂಗಿದ್ರೂ ನನಗ ಕೇಳಂಗಿಲ್ಲ. ಮಂಗ್ಯಾ ಕಾಯತೀನಿ. ಒಲಿ ಉಸಾಬರಿ ನನಗ ಸಾಕಾಗೈತಿ. ರೊಟ್ಟಿ ನೀ ತಂದು ಕೊಡು.”

ಓಬಳೆಪ್ಪ ಹೆದರಿ ಹೆಂಡತಿಯ ಕಡೆ ನೋಡಿದ. ಹುಲಗೆಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ತಾನೇ ಹಾಕಿದ ಒಲೆಯನ್ನೊಮ್ಮೆ ನೋಡಿದಳು, ಅತ್ತೆಯ ಚಾಚಿದ ಕಾಲುಗಳನ್ನೊಮ್ಮೆ ನೋಡಿದಳು. ಆಮೇಲೆ ಅವಳ ಮುಖ ನಿಧಾನವಾಗಿ ಅರಳಿತು.

“ಅತ್ತಿ, ಹಂಗಾರ ಊರಾಗಿನ ಮನಿ?”

“ನೀನ ನೋಡ್ಕೋ ಯವ್ವಾ. ಕೀಲಿ ಇಲ್ಲೈತಿ ತಗೋ.” ಪಕ್ಕೀರವ್ವ ಸೊಂಟದ ಗಂಟು ಬಿಚ್ಚಿದಳು. ಹುಲಗೆಮ್ಮ ಅತ್ತೆಯ ಕಾಲಿಗೆ ಬಿದ್ದಳು. ಮೂವತ್ತು ವರ್ಷದಲ್ಲಿ ಹಬ್ಬ ಹುಣ್ಣಿಮೆಗೆ ಎಷ್ಟೋ ಸಲ ಬಿದ್ದಿದ್ದಳು. ಮನಸ್ಸಿಟ್ಟು ಬಿದ್ದದ್ದು ಅವತ್ತು.

ಸುಣ್ಣದ ಗೋಡೆ, ಕಲ್ಲಿನ ನೆಲ, ಹುಗಿದ ಒಳ್ಳು, ಹಿತ್ತಲಲ್ಲಿ ಬಾವಿ, ಎಲ್ಲ ಇದ್ದ ಅಷ್ಟು ದೊಡ್ಡ ಮನೆ ಹುಲಗೆಮ್ಮನಿಗೆ ಒಂದು ಬೋಲ್ಟೂ ಬಿಗಿಯದೆ ಸಿಕ್ಕಿತು. ಓಬಳೆಪ್ಪನ ಇಡಿಗಂಟಿನಲ್ಲಿ ತಾಯಿಗೊಂದು ಬಂಗಲೆಯಾಯಿತು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಹೊಗಳತೊಡಗಿದರು. “ನನ್ನ ಸೊಸಿ ಕೈಯಾಗಿನ ರೊಟ್ಟಿ ಅಂದ್ರ ರೊಟ್ಟಿ,” ಎಂದು ಇವಳು. “ಅತ್ತಿ ಇರೂದ್ಕ ಬಾಳಿಗೊನಿ ಉಳದಾವು,” ಎಂದು ಅವಳು. ಈ ಮಾತುಗಳನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೊರುವವನು, ರೊಟ್ಟಿಯ ಗಂಟಿನೊಂದಿಗೆ, ಓಬಳೆಪ್ಪ. ಮುಂಜಾನೆ ಒಮ್ಮೆ, ಸಂಜೆಗೆ ಒಮ್ಮೆ.

ಒಂದು ಸಂಜೆ ತಾಯಿಗೆ ರೊಟ್ಟಿ ಕೊಟ್ಟು ಅಲ್ಲೇ ಪಡಸಾಲೆಯಲ್ಲಿ ಅಡ್ಡಾಗೋಣವೆಂದು ಟವೆಲು ಹಾಸಿದ. “ಹುಲಗಿ ಒಬ್ಬಾಕಿ ಅದಾಳ ಊರಾಗ. ಹೋಗು, ಆಕಿಗೆ ಜೊತಿ ಆಗು,” ಎಂದು ಪಕ್ಕೀರವ್ವ ಎಬ್ಬಿಸಿದಳು. ಈಚೆ ಬಂದರೆ ಹುಲಗೆಮ್ಮ ಬಾಗಿಲು ಅರ್ಧ ಮಾತ್ರ ತೆರೆದಳು.

“ಮುದುಕಿ ಒಬ್ಬಾಕಿನ ನೀರಿನ ನಡುವ ಬಿಟ್ಟು ಬಂದೀರಲ್ರಿ! ಕರಳ ಐತೋ ಇಲ್ಲೋ ನಿಮಗ? ನಡೀರಿ, ಅತ್ತಿ ಹತ್ರ ಮಲಗ್ರಿ.”

ಗ್ಯಾನಪ್ಪ ಮತ್ತೆ ಹುಟ್ಟು ಎತ್ತಿದ. ಹೊಳೆಯ ನಡುವೆ ಬಂದಾಗ ಕೈ ನಿಲ್ಲಿಸಿ, ಬಹಳ ಮರ್ಯಾದೆಯಿಂದ ಕೇಳಿದ: “ದಫೇದಾರ್ರ, ಮುಂದ ಬಿಡಲೋ, ಹೊಳ್ಳಸಲೋ?”

ಓಬಳೆಪ್ಪ ಆ ದಂಡೆ ನೋಡಿದ, ಈ ಗಡ್ಡಿ ನೋಡಿದ.

“ಇಲ್ಲೇ ಒಂದೆರಡು ಸುತ್ತು ತಿರುಗಸಪ್ಪಾ,” ಎಂದ. “ಇಚಾರ ಮಾಡಿ ಹೇಳತೀನಿ.”